ಬೇಡಮ್ಮನ ಏಳನೇ ಬಾಗಿಲು

ಒಂದಾನೊಂದು ಊರಿನಲ್ಲಿ, ಕಾಗೆಗಳಿಗೆ ಇನ್ನೂ ಯಾರೂ ಬಣ್ಣ ಹಚ್ಚಿರದಿದ್ದ ಕಾಲದಲ್ಲಿ, ಒಬ್ಬಳು ರಾಣಿ ಇದ್ದಳು. ಎಷ್ಟು ದೊಡ್ಡ ರಾಣಿ ಎಂದರೆ ಮೇಜಿನ ಕೆಳಗೆ ತಲೆ ಬಗ್ಗಿಸದೆ ಓಡಾಡುವಷ್ಟು ದೊಡ್ಡವಳು. ಅವಳಿಗೆ ಹಲ್ಲು ಎಂಟು, ಮಾತು ಮೂರು. ಕಿರೀಟವಿರಲಿಲ್ಲ, ಸೈನ್ಯವಿರಲಿಲ್ಲ, ಬಲಗೈಯ ಅಂಗೈ ಒಂದಿತ್ತು. ಆ ಅಂಗೈಯಲ್ಲಿ ತಟ್ಟಿ ಅವಳು "ಬೇಡ" ಎಂದರೆ ಯಾವ ಬಾಗಿಲಾದರೂ ಮುಚ್ಚಿದ್ದು ಮುಚ್ಚಿದ್ದೇ. ಆನೆ ಕಟ್ಟಿ ಎಳೆಸಿದರೂ ತೆರೆಯದು. ಒಳಗಿನ ಕೂಗು ಹೊರಗೆ ಕೇಳದು, ಹೊರಗಿನ ಗಾಳಿ ಒಳಗೆ ಸುಳಿಯದು.

"ಒಂದು ದಿನ ಬೆಳಿಗ್ಗೆ ರಾಣಿ ತಿರುಗಿ ನೋಡ್ತಾಳೆ, ಅಮ್ಮ ಇಲ್ಲ," ಎಂದಳು ಬೀಗದಕ್ಕ. "ರಾಣಿಗೆ ಕೋಪ ಬಂತು. ಮೊದಲು ಮುಂಬಾಗಿಲು ಮುಚ್ಚಿದಳು. ಆಮೇಲೆ ಹಿಂಬಾಗಿಲು. ಆಮೇಲೆ ಕಿಟಕಿ, ಕಿಟಕಿ, ಇನ್ನೊಂದು ಕಿಟಕಿ. ಕೊನೆಗೆ ಚಿಕ್ಕಪ್ಪನ ಚೀಲ. ಆರಾಯ್ತು. ಅಲ್ಲಿಗೆ ಕೋಟೆ ಭದ್ರ."

ಮಡಿಲಲ್ಲಿದ್ದ ಕೂಸು ಬಾಟಲಿಯ ನಿಪ್ಪಲನ್ನು ಬಾಯಿಂದ ತೆಗೆದು ಬೀಗದಕ್ಕ ಎಣಿಸಿ ಎತ್ತಿ ಹಿಡಿದ ಆರು ಬೆರಳುಗಳನ್ನು ನೋಡಿತು. ತಲೆಯಾಡಿಸಿತು.

"ಇನ್ನ," ಎಂದಿತು.

ಬೀಗದಕ್ಕ ಬೆರಳು ಮಡಿಸಿ ಮತ್ತೆ ಎಣಿಸಿದಳು. ಆ ಮನೆಯಲ್ಲಿ ಅವಳು ನೋಡಿದ ಬಾಗಿಲುಗಳೆಲ್ಲ ಲೆಕ್ಕಕ್ಕೆ ಬಂದಿದ್ದವು. ಬೆಳಿಗ್ಗೆ ಕೂಸು ಬಾಳೆಹಣ್ಣು ಕಿವುಚಿಕೊಂಡ ಕೈಯಲ್ಲೇ ಎಲ್ಲವನ್ನೂ ತಟ್ಟಿತ್ತು. ತಟ್ಟಿದಲ್ಲೆಲ್ಲ ಐದು ಬೆರಳಿನ ಒಣಗಿದ ಗುರುತು, ನೆಲದಿಂದ ಎರಡಡಿ ಎತ್ತರದಲ್ಲಿ, ಮುದ್ರೆ ಒತ್ತಿದಂತೆ ಉಳಿದಿತ್ತು. ಅವಳು ಎಣಿಸಿದ್ದು ಆರೇ. ಸಾಕ್ಷಿಯಾದ ಕೂಸು ಮಾತ್ರ ಇನ್ನೂ ಇದೆ ಅನ್ನುತ್ತಿತ್ತು.

ಗೋಡೆಯ ಗಡಿಯಾರದಲ್ಲಿ ಮೂರು ದಾಟಿ ಹತ್ತು ನಿಮಿಷ. ಬೆಳಿಗ್ಗೆ ಒಂಬತ್ತರಿಂದ ಆ ಶಿಶುವಿಹಾರದಲ್ಲಿ ನಾಲ್ಕು ಜನ ದೊಡ್ಡವರು ಒಂದೂವರೆ ವರ್ಷದ ಒಂದು ಕೂಸಿನ ಕೈಗೆ ಸಿಕ್ಕಿ ಸೆರೆಯಾಗಿದ್ದರು. ಉಳಿದ ಮಕ್ಕಳು ಬರುವ ಮೊದಲೇ ಬಾಗಿಲು ಮುಚ್ಚಿತ್ತು. ಕೂಸಿನ ಹೆಸರು ಏನೇ ಇರಲಿ, ಮೊದಲು ಕಲಿತ ಮಾತಿನಿಂದ ಎಲ್ಲರ ಬಾಯಲ್ಲಿ ಬೇಡಮ್ಮ. ಅದರ ತಾಯಿ ಬಸ್ ಕಂಡಕ್ಟರ್. ಎಂಟೂವರೆಗೆ ಮಗಳನ್ನು ಬಿಟ್ಟವಳು ಡಿಪೋ ಸೇರಿರಲಿಲ್ಲ, ಮನೆಗೂ ಹೋಗಿರಲಿಲ್ಲ.

ಬೀಗದಕ್ಕ ಬಂದದ್ದು ಎಂಟೂಕಾಲಿಗೆ, ಔಷಧಿ ಕಪಾಟಿಗೆ ಹೊಸ ಬೀಗ ಕೂರಿಸಲು. ಬೀಗ ತೆಗೆಯುವುದು ಅವಳ ಕಸುಬು, ಗುಟ್ಟು ತೆಗೆಯುವುದು ಚಟ. ಊರಿನ ಪೊಲೀಸರೂ ಕಸುಬಿಗೆ ಒಮ್ಮೆ ಕರೆದರೆ ಚಟಕ್ಕೆ ಎರಡು ಸಲ ಕರೆಯುತ್ತಿದ್ದರು. ಅಂಥವಳ ಕೈಯಲ್ಲಿ ಇಂದು ಮಗುವೊಂದು ತಟ್ಟಿದ ಬಾಗಿಲು ಕೂದಲೆಳೆಯಷ್ಟೂ ಸಡಿಲಾಗಿರಲಿಲ್ಲ. ಬೀಗವೇ ಇಲ್ಲದ ಬಾಗಿಲನ್ನು ತೆಗೆಯುವುದು ಹೇಗೆಂದು ಯಾವ ಗುರುವೂ ಅವಳಿಗೆ ಕಲಿಸಿರಲಿಲ್ಲ.

ಗಾಳಿ ಬರುತ್ತಿದ್ದದ್ದು ಸೂರಿನ ಕೆಳಗಿನ ಎರಡು ಕಿಂಡಿಗಳಿಂದ. ಬೇಡಮ್ಮನ ಕೈ ಅಷ್ಟೆತ್ತರ ಎಟುಕುವುದಿಲ್ಲವಲ್ಲ. ಬೆಕ್ಕು ಕೂಡ ತೂರಲಾರದ ಕಿಂಡಿಗಳು. ಅದೇ ಕಿಂಡಿಯಿಂದ ಮಧ್ಯಾಹ್ನ ಹೊರಗಿನ ಅಧಿಕಾರಿಯ ದನಿ ಬಂದಿತ್ತು. ನಾಲ್ಕು ಗಂಟೆಗೆ ಚಾವಣಿ ಕೊರೆಯುತ್ತೇವೆ, ಮಗುವಿಗೆ ನಿದ್ದೆಯ ಸೂಜಿ ಹಾಕಿ ಇಂಥ ಮಕ್ಕಳನ್ನು ಇಡುವ ಕೇಂದ್ರಕ್ಕೆ ಒಯ್ಯುತ್ತೇವೆ. ತಾಯಿ ಎದುರಿಗಿದ್ದು ಬೇಡ ಅಂದರೆ ಒಯ್ಯುವ ಹಾಗಿಲ್ಲ. ತಾಯಿ ಬಿಟ್ಟು ಹೋಗಿದ್ದರೆ ಹತ್ತಿರದ ಸಂಬಂಧಿಯ ರುಜು ಸಾಕು. ಕೇಂದ್ರಕ್ಕೆ ಹೋದ ಮಕ್ಕಳು ಯಾವಾಗ ವಾಪಸು ಬರುತ್ತಾರೆ ಎಂದು ಬೀಗದಕ್ಕ ಕೂಗಿ ಕೇಳಿದ್ದಳು. ಅದಕ್ಕೆ ಉತ್ತರ ಬಂದಿರಲಿಲ್ಲ.

ಹತ್ತಿರದ ಸಂಬಂಧಿ ಎದುರು ಗೋಡೆಗೆ ಒರಗಿ, ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗಲ್ಲಕ್ಕೆ ಬರುವಂತೆ ಕೂತಿದ್ದ. ಕೂಸಿನ ತೀರಿಕೊಂಡ ತಂದೆಯ ತಮ್ಮ, ಕನ್ನಡಕದ ಅಂಗಡಿಯವನು. ಎಂಟು ಐವತ್ತಕ್ಕೆ ಬಂದಿದ್ದ. ರುಜು ಹಾಕಲು ಪೆನ್ನು ಆಗಲೇ ಜೇಬಿನಿಂದ ಹೊರಬಂದಿತ್ತು. ಅವನೇ ತಂದಿದ್ದ ಒಪ್ಪಿಗೆಯ ಕಾಗದ ಮಾತ್ರ ಚೀಲದೊಳಗೆ. ಚೀಲದ ಮೇಲೆ ಬಾಳೆಹಣ್ಣಿನ ಆರನೇ ಗುರುತು.

"ನಾಲ್ಕು ಗಂಟೆಯೊಳಗೆ ನಿನ್ನ ಅಮ್ಮನ್ನ ತೋರಿಸ್ತೀನಿ," ಎಂದು ಬೀಗದಕ್ಕ ಊಟದ ಹೊತ್ತಿಗೆ ಕೂಸಿಗೆ ಮಾತು ಕೊಟ್ಟಿದ್ದಳು. ಅಳು ನಿಲ್ಲಿಸಲು ಹೇಳಿದ ಮಾತು ಎಂದು ಉಳಿದವರು ತಿಳಿದರು. ಬೇಡಮ್ಮ ಹಾಗೆ ತಿಳಿದಿರಲಿಲ್ಲ. ಆಗಿನಿಂದ, ಅಂದರೆ ಎರಡು ಗಂಟೆಯಿಂದ, ಬೀಗದಕ್ಕನ ತೋರುಬೆರಳನ್ನು ಹಿಡಿದದ್ದು ಬಿಟ್ಟಿರಲಿಲ್ಲ.

ಬೀಗದಕ್ಕ ಕೂಸನ್ನೆತ್ತಿಕೊಂಡು ಹೋಗಿ ಚಿಕ್ಕಪ್ಪನ ಎದುರು ನೆಲದ ಮೇಲೆ ಕೂತಳು.

"ಒಂದು ಅರ್ಥ ಆಗ್ತಿಲ್ಲ. ಇವಳು ಬಾಗಿಲು ಮುಚ್ಚಿದಳು, ಸರಿ. ಕಿಟಕಿ ಮುಚ್ಚಿದಳು, ಅದೂ ಸರಿ. ಚೀಲ ಯಾಕೆ ಮುಚ್ಚಿದಳು?"

"ಮಗು ಬುದ್ಧಿ. ಕಂಡದ್ದೆಲ್ಲ ತಟ್ಟತ್ತೆ."

"ಔಷಧಿ ಕಪಾಟು ತಟ್ಟಿಲ್ಲ. ಆಟಿಕೆ ಪೆಟ್ಟಿಗೆ ತಟ್ಟಿಲ್ಲ. ನನ್ನ ಉಪಕರಣದ ಚೀಲ ಬಾಗಿಲಲ್ಲೇ ಬಾಯಿ ತೆರೆದು ಬಿದ್ದಿತ್ತು, ಅದನ್ನೂ ತಟ್ಟಿಲ್ಲ. ನಿಮ್ಮದೊಂದೇ."

ಅವನು ಚೀಲವನ್ನು ಕಾಲ ಸಂದಿಗೆ ಎಳೆದುಕೊಂಡ. ಅದರಲ್ಲಿ ಕಾಗದವೊಂದು ಬಿಟ್ಟರೆ ಏನೂ ಇಲ್ಲ ಎಂದ. ಬೀಗದಕ್ಕ ಚೀಲದ ತಳಕ್ಕೆ ಕೈ ಕೊಟ್ಟು ಮೆಲ್ಲಗೆ ಎತ್ತಿದಳು. ಅವಳದು ಬೀಗದೊಳಗಿನ ಕೀಲುಗಳನ್ನು ಹೊರಗಿನಿಂದ ತೂಗುವ ಕೈ. ತಳದಲ್ಲಿ ಭಾರ ಇತ್ತು. ಎರಡು ಗಟ್ಟಿ ಗುಂಡನೆಯ ಅಂಚು, ಅಕ್ಕಪಕ್ಕ.

"ಬಲು ತೂಕದ ಕಾಗದ," ಎಂದಳು.

ಬಲವಂತಕ್ಕೆ ತೆರೆಯುವ ಚೀಲವಲ್ಲ ಅದು. ಕತ್ತರಿ ಹಾಕಿದರೆ ಕತ್ತರಿ ಮೊಂಡಾಗಿತ್ತು. ಬೀಗದಕ್ಕ ಕೂಸನ್ನು ಚೀಲದ ಮುಂದೆ ಕೂರಿಸಿ, ಹೆಗಲ ಮೇಲಿನ ಟವೆಲನ್ನು ತನ್ನ ಮುಖದ ಮೇಲೆ ಎಳೆದುಕೊಂಡಳು. "ಅಕ್ಕ ಎಲ್ಲಿ? ಅಕ್ಕ ಇಲ್ಲ." ಟವೆಲು ತೆಗೆದಳು. "ಕೂಕ್."

ಬೇಡಮ್ಮ ಬೆಚ್ಚಿದಳು. ನಗಲಿಲ್ಲ. ಸಾಮಾನ್ಯವಾಗಿ ಈ ವಯಸ್ಸಿನ ಕೂಸು ಮೊದಲ ಕೂಕಿಗೇ ಕಿಲಕಿಲ ಅನ್ನಬೇಕು. ಇವಳು ಹೋದದ್ದು ವಾಪಸು ಬರುವುದನ್ನು ಹೊಸದಾಗಿ ನೋಡುತ್ತಿರುವವಳಂತೆ ಬಾಯಿ ತೆರೆದು ಕೂತಳು. ಎರಡನೇ ಸಲ ಹುಬ್ಬು ಸಡಿಲವಾಯಿತು. ಐದನೇ ಸಲಕ್ಕೆ ಹಲ್ಲು ಎಂಟೂ ಕಂಡವು. ಆಗ ಬೀಗದಕ್ಕ ಟವೆಲನ್ನು ಚೀಲದ ಮೇಲೆ ಹೊದಿಸಿದಳು.

"ಚೀಲ ಎಲ್ಲಿ? ಚೀಲ ಇಲ್ಲ."

ಬೇಡಮ್ಮ ತಾನೇ ಟವೆಲು ಕಿತ್ತೆಸೆದಳು. ಜೊತೆಗೇ ಚೀಲದ ಜಿಪ್ಪು, ಆರು ಗಂಟೆ ಹೊತ್ತು ಯಾರಿಗೂ ಜಗ್ಗದ ಜಿಪ್ಪು, ಸರ್ರನೆ ತಾನಾಗಿ ಸರಿಯಿತು.

ಒಳಗೆ ಒಂದು ಜೊತೆ ಕಪ್ಪು ಬೂಟು. ಹಿಮ್ಮಡಿ ಒಂದು ಪಕ್ಕಕ್ಕೆ ಸವೆದಿತ್ತು, ದಿನವಿಡೀ ಓಡುವ ಬಸ್ಸಿನಲ್ಲಿ ಒಂದೇ ಕಾಲಿಗೆ ಭಾರ ಕೊಟ್ಟು ನಿಲ್ಲುವವರ ಬೂಟು. ಒಂದೊಂದರಲ್ಲೂ ಮಡಿಸಿಟ್ಟ ಕಾಲುಚೀಲ.

"ಅಮ್ಮ," ಎಂದು ಬೇಡಮ್ಮ ಬೂಟನ್ನು ಎದೆಗೆ ಅಪ್ಪಿಕೊಂಡಳು.

ಅಡುಗೆಕೋಣೆಯ ಬಾಗಿಲಲ್ಲಿ ನಿಂತಿದ್ದ ಆಯಾ ಬಾಯಿಗೆ ಕೈ ಇಟ್ಟಳು. ಅವಳ ಹಿಂದೆ ಶಿಶುವಿಹಾರದ ಒಡತಿ, ಎಲ್ಲರೂ ದೊಡ್ಡಮ್ಮ ಎನ್ನುವವರು, ಕನ್ನಡಕ ಸರಿ ಮಾಡಿಕೊಂಡರು.

"ಎಲ್ಲಿತ್ತು ಇದು?" ಬೀಗದಕ್ಕ ಕೇಳಿದಳು.

"ಮುಂದಿನ ಚಪ್ಪಲಿ ಗೂಡಲ್ಲಿ." ಚಿಕ್ಕಪ್ಪನ ದನಿ ಒಣಗಿತ್ತು. "ನನ್ನ ಕಂಡರೆ ಅತ್ತಿಗೆ ಜಾರಿಕೊಳ್ತಾರೆ. ಒಂದು ತಿಂಗಳಿಂದ ಮಾತಾಡೋಕೆ ಸಿಕ್ಕಿಲ್ಲ. ಬೂಟಿಲ್ಲದೆ ಡ್ಯೂಟಿಗೆ ಹೋಗೋ ಹಾಗಿಲ್ಲ ಅಂತ ತಗೊಂಡೆ. ಐದು ನಿಮಿಷ ನಿಂತು ಕೇಳಲಿ ಅಂತ ಅಷ್ಟೇ."

"ಅಂದರೆ ಎಂಟು ಐವತ್ತಕ್ಕೆ ಅವರು ಇಲ್ಲಿಂದ ಹೋಗಿರಲಿಲ್ಲ. ನಿಮಗೆ ಗೊತ್ತಿತ್ತು. ಬೆಳಿಗ್ಗೆಯಿಂದ ಬಿಟ್ಟು ಓಡಿ ಹೋದಳು ಅಂತ ನಾಲ್ಕು ಸಲ ಹೇಳಿದಿರಿ."

ಅವನು ಕೂಸಿನ ಕಡೆ ಬಾಗಿದ. ಆಮೇಲೆ ಹೇಳಿದ್ದು ಬೀಗದಕ್ಕನಿಗಲ್ಲ, ಕೂಸಿನ ಪುಟ್ಟ ಕೈಗೆ.

"ಹೋದ ತಿಂಗಳು ನಮ್ಮಮ್ಮ ಮಧ್ಯಾಹ್ನ ಮಲಗಿದ್ರು. ಇವಳು ಹೋಗಿ ಕಣ್ಣಿನ ಮೇಲೆ ಕೈ ಇಟ್ಟು ತಟ್ಟಿದಳು. ಆಟಕ್ಕೆ. ಎರಡು ದಿನ ನಮ್ಮಮ್ಮನ ರೆಪ್ಪೆ ಬಿಚ್ಚಲಿಲ್ಲ. ನಾನು ಕಣ್ಣಿನ ಕಸುಬಿನವನು, ನನ್ನ ಕೈಲೂ ಆಗಲಿಲ್ಲ. ನಾಳೆ ಯಾರದೋ ಮೂಗು ತಟ್ಟಿದರೆ? ಇವಳ ಅಮ್ಮನದೇ ತಟ್ಟಿದರೆ? ನೀವು ಹೇಳಿ, ನಾನು ಕೆಟ್ಟವನಾ?"

 ಅವನ ಪ್ರಶ್ನೆ ನಿಜವಾದದ್ದೇ. ಆದರೆ ಗಡಿಯಾರ ಮೂರೂಕಾಲು ತೋರಿಸುತ್ತಿತ್ತು.

ಅವಳು ದೊಡ್ಡಮ್ಮನ ಕಡೆ ತಿರುಗಿ ರಿಜಿಸ್ಟರ್ ಕೇಳಿದಳು. ಎಂಟೂವರೆ, ಒಳಗೆ. ಎಂಟು ಮೂವತ್ತೈದು, ಹೊರಗೆ. ಎದುರಿಗೆ ದೊಡ್ಡಮ್ಮನ ಅಚ್ಚುಕಟ್ಟಾದ ಸಹಿ. ಆಕೆ ಹೋದದ್ದನ್ನು ನೀವು ಕಣ್ಣಾರೆ ಕಂಡಿರಾ ಎಂದಾಗ ದೊಡ್ಡಮ್ಮ ತಮ್ಮ ಮನೆಯ ಕ್ರಮವನ್ನು ಇನ್ನೊಮ್ಮೆ ವಿವರಿಸಿದರು. ಹತ್ತೊಂಬತ್ತು ವರ್ಷದಿಂದ ನಡೆದುಕೊಂಡು ಬಂದ ಕ್ರಮ: ತಾಯಂದಿರು ಮಕ್ಕಳಿಗೆ ಟಾಟಾ ಹೇಳಕೂಡದು. ಹೇಳಿದರೆ ಒಂದು ಅಳುತ್ತದೆ, ಅದನ್ನು ನೋಡಿ ಹನ್ನೆರಡು ಅಳುತ್ತವೆ. ಮುಂಬಾಗಿಲಿಗೆ ಗೆಜ್ಜೆ ಕಟ್ಟಿದೆ, ಸದ್ದಾಗುತ್ತದೆ. ಆದ್ದರಿಂದ ಆಯಾ ಸೋಪಿನ ಗುಳ್ಳೆ ಊದುವಾಗ ತಾಯಿ ಹಿಂದಿನ ಓಣಿಯಿಂದ ಜಾರಿ, ಹಿಂಬಾಗಿಲು ದಾಟಿ, ಬರಿಗಾಲಲ್ಲಿ ಮನೆ ಬಳಸಿ ಬಂದು ಗೂಡಿನ ಚಪ್ಪಲಿ ಮೆಟ್ಟಬೇಕು. ಐದು ನಿಮಿಷಕ್ಕಿಂತ ಹೆಚ್ಚು ಯಾರಿಗೂ ಬೇಕಿಲ್ಲ. ಹಾಗಾಗಿ ದೊಡ್ಡಮ್ಮ ಒಳಗೆ ಬಂದ ವೇಳೆ ಬರೆಯುವಾಗಲೇ ಹೊರಗೆ ಹೋದ ವೇಳೆಯನ್ನೂ ಬರೆದುಬಿಡುತ್ತಾರೆ.

ಬೀಗದಕ್ಕ ರಿಜಿಸ್ಟರ್ ಮುಚ್ಚಿದಳು. ಯಾರೂ ನೋಡಬಾರದು ಎಂದೇ ಕಟ್ಟಿದ ಕ್ರಮ. ಯಾರೂ ನೋಡಿರಲಿಲ್ಲ.

ಅವಳು ಮತ್ತೆ ಕೂಸಿನ ಮುಂದೆ ಮಂಡಿಯೂರಿದಳು.

"ರಾಣಿ ಆರು ಬಾಗಿಲು ಮುಚ್ಚಿದಳು. ಏಳನೇದು ಇತ್ತಲ್ಲ, ನಾನು ಮರೆತುಬಿಟ್ಟಿದ್ದೆ. ಎಲ್ಲಿತ್ತು ಅದು?"

ಬೇಡಮ್ಮ ಬೂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಇನ್ನೊಂದು ಕೈಯಲ್ಲಿ ಬೀಗದಕ್ಕನ ಬೆರಳು ಹಿಡಿದು ನಡೆಯತೊಡಗಿದಳು. ಹೊಸದಾಗಿ ಕಲಿತ ನಡಿಗೆ. ಎರಡು ಹೆಜ್ಜೆಗೊಮ್ಮೆ ಕುಂಡಿಯೂರಿ ಕೂರುವುದು, ಮತ್ತೆ ಏಳುವುದು. ಎತ್ತಿಕೊಂಡರೆ ದಾರಿ ತಪ್ಪೀತು ಎಂದು ಬೀಗದಕ್ಕ ಹಲ್ಲು ಕಚ್ಚಿ ಅದರ ವೇಗಕ್ಕೇ ನಡೆದಳು. ಅಡುಗೆಕೋಣೆ ದಾಟಿ, ಹಿಂದಿನ ಕತ್ತಲ ಓಣಿಗೆ. ಅಲ್ಲಿ ಒಗೆಯುವ ಬಟ್ಟೆಯ ದೊಡ್ಡ ಬುಟ್ಟಿ, ಗೋಡೆಗೂ ತನಗೂ ನಡುವೆ ಕೂಸು ತೂರುವಷ್ಟೇ ಸಂದು ಬಿಟ್ಟು ನಿಂತಿತ್ತು. ಬೇಡಮ್ಮ ಬುಟ್ಟಿಯನ್ನು ತಟ್ಟಲಿಲ್ಲ. ಅದರ ಹಿಂದಕ್ಕೆ ಬೆರಳು ತೋರಿಸಿದಳು.

ಬುಟ್ಟಿ ಸರಿಸಿದಾಗ ಕಂಡದ್ದು ಬಟ್ಟೆ ಒಣಗಿಸುವ ಗೂಡಿನ ಬಾಗಿಲು. ಸುತ್ತ ತಗಡು ಬಡಿದ, ಎರಡು ಹೆಜ್ಜೆ ಉದ್ದ ಎರಡು ಹೆಜ್ಜೆ ಅಗಲದ ಗೂಡು. ಬಾಗಿಲ ಮೇಲೆ, ನೆಲದಿಂದ ಎರಡಡಿ ಎತ್ತರದಲ್ಲಿ, ಏಳನೇ ಅಂಗೈ.

"ಅಲ್ಲಿ ಯಾರು ಇರ್ತಾರೆ," ಎಂದಳು ಹಿಂದೆ ಬಂದ ಆಯಾ. "ಹೊರಗಿಂದ ಚಿಲಕ ಹಾಕಿದೆಯಲ್ಲ."

ಹಾಕಿತ್ತು. ಬೆಳಿಗ್ಗೆ ಎಲ್ಲರೂ ಮನೆ ಹುಡುಕಿದಾಗ ಬುಟ್ಟಿಯ ಮೇಲಿಂದ ಕಂಡ ಆ ಚಿಲಕವನ್ನೇ ನೋಡಿ ಮುಂದೆ ಹೋಗಿದ್ದರು, ಬೀಗದಕ್ಕನೂ. ಹೊರಗಿಂದ ಚಿಲಕ ಹಾಕಿದ ಗೂಡಿನಲ್ಲಿ ಯಾರಾದರೂ ಅಡಗುವುದುಂಟೇ? ಈಗ ಅವಳು ಚಿಲಕದ ಎತ್ತರವನ್ನು ನೋಡಿದಳು. ಅವಳ ಹಣೆಯ ಮಟ್ಟಕ್ಕಿತ್ತು. ಮೂರು ಬೇಡಮ್ಮಂದಿರು ಒಬ್ಬರ ಹೆಗಲ ಮೇಲೊಬ್ಬರು ನಿಂತರೂ ಎಟುಕದ ಎತ್ತರ.

ಕೂಸು ತಟ್ಟುವ ಮೊದಲೇ ಯಾರೋ ದೊಡ್ಡವರು ಹಾಕಿದ್ದು. ಎಂಟು ಐವತ್ತಕ್ಕೆ ಬಂದ ಚಿಕ್ಕಪ್ಪನಲ್ಲ; ಅವನು ಬರುವಾಗಲೇ ಬೂಟು ಮೆಟ್ಟುವವರಿಲ್ಲದೆ ಗೂಡಲ್ಲಿ ಉಳಿದಿತ್ತು.

ಯಾರು ಎಂದು ಕೇಳಬೇಕಾಗಿಯೇ ಬರಲಿಲ್ಲ. ತನಗೆ ಬಟ್ಟೆ ಹಾಕಿದ ಮೇಲೆ ಚಿಲಕ ಹಾಕುವುದು ಅಭ್ಯಾಸ, ಇವತ್ತೂ ಹಾಕಿರಬಹುದು ಎಂದಳು ಆಯಾ. ಇವತ್ತು ನೀನು ಬಟ್ಟೆಯನ್ನೇ ಒಗೆದಿಲ್ಲ, ಗುಳ್ಳೆ ಊದುತ್ತಿದ್ದೆ ಎಂದರು ದೊಡ್ಡಮ್ಮ. ಗುಳ್ಳೆ ಊದಿದ್ದು ಎರಡೇ ನಿಮಿಷ, ಸೋಪಿನ ನೀರು ಮುಗಿದು ಒಳಗೆ ಹೋದೆ, ಆಗ ಓಣಿಯಲ್ಲಿ ಎದುರಾದವರು ನೀವೇ ಎಂದಳು ಆಯಾ. ಇಬ್ಬರ ದನಿಯೂ ಏರಲಿಲ್ಲ. ಅಷ್ಟು ವರ್ಷ ಮಲಗಿದ ಮಕ್ಕಳ ನಡುವೆ ಪಿಸುಗುಟ್ಟಿ ಜಗಳವಾಡಿ ಅಭ್ಯಾಸವಾದವರು.

ಬೀಗದಕ್ಕನಿಗೆ ಆ ಹೊತ್ತಿಗೆ ಬೇರೆಯೇ ಒಂದು ಲೆಕ್ಕ ತಲೆಯಲ್ಲಿ ಓಡುತ್ತಿತ್ತು. ಬೇಡಮ್ಮ ಮುಚ್ಚಿದ್ದರಿಂದ ದನಿ ಬರುವುದಿಲ್ಲ. ಗಾಳಿಯೂ ಹೋಗುವುದಿಲ್ಲ. ಆ ಗೂಡಿಗೆ ಕಿಂಡಿಯಿಲ್ಲ. ಒಂಬತ್ತರಿಂದ ಮೂರು ಇಪ್ಪತ್ತರವರೆಗೆ.

ಅವಳು ಚಿಲಕ ಸರಿಸಿದಳು. ಚಿಲಕ ಸರಿಯಿತು, ಬಾಗಿಲು ಅಲ್ಲಾಡಲಿಲ್ಲ. ಕಿವಿಯಿಟ್ಟಳು. ಬಂಡೆಗೆ ಕಿವಿಯಿಟ್ಟಂತಿತ್ತು.

ಕೋಪಕ್ಕೆ ಮುಚ್ಚಿದ್ದಲ್ಲ ಇದು. ಈಗ ಅವಳಿಗೆ ಕಥೆ ಪೂರ್ತಿ ಕಂಡಿತು. ಓಣಿಯಲ್ಲಿ ಅಂಬೆಗಾಲಿಟ್ಟು ಬಂದ ಕೂಸು, ಒಳಗಿನಿಂದ ಬಾಗಿಲು ಬಡಿಯುವ ಅಮ್ಮನ ಸದ್ದು, ಕಪಾಟಿಗೆ ಬೀಗ ಕೂರಿಸುವ ಸುತ್ತಿಗೆಯ ಗದ್ದಲದಲ್ಲಿ ದೊಡ್ಡವರಿಗೆ ಕೇಳದ ಸದ್ದು. ದಿನಾ ಹೇಳದೆ ಕೇಳದೆ ಮಾಯವಾಗುವ ಅಮ್ಮ ಇವತ್ತು ಒಂದು ಬಾಗಿಲ ಹಿಂದೆ ಇದ್ದಾಳೆ. ಹೋಗುವುದು ಬೇಡ. ತಟ್ಟಿದಳು. ಸದ್ದು ನಿಂತುಹೋಯಿತು. ಆಗ ಹೆದರಿ, ಇದ್ದಬದ್ದ ಬಾಗಿಲೆಲ್ಲ ತಟ್ಟುತ್ತ ಹೋದಳು. ಅಮ್ಮನ ವಾಸನೆಯ ಬೂಟಿದ್ದ ಚೀಲವನ್ನೂ.

ಅವಳು ಕೂಸನ್ನು ಬಾಗಿಲ ಮುಂದೆ ನಿಲ್ಲಿಸಿ, ಹಿಂದೆ ತಾನು ಮಂಡಿಯೂರಿದಳು. ದನಿ ನಡುಗಗೊಡಲಿಲ್ಲ. ಕೂಸು ಹೆದರಿದರೆ ಮತ್ತೆ ತಟ್ಟೀತು.

"ಅಮ್ಮ ಎಲ್ಲಿ?" ಎಂದು ಬಾಗಿಲ ಮೇಲೆ ಟವೆಲು ಹಿಡಿದಳು. "ಅಮ್ಮ ಇಲ್ಲ."

ಬೇಡಮ್ಮನ ತುಟಿ ಸೊಟ್ಟಗಾಯಿತು. ಅಂಗೈ ಮೇಲೆದ್ದಿತು. 

"ಹೋದವರು ಬರ್ತಾರೆ, ಚಿನ್ನ," ಎಂದಳು ಬೀಗದಕ್ಕ ಕಿವಿಯ ಹತ್ತಿರ. "ಅಕ್ಕ ಬಂದಳಲ್ಲ. ಚೀಲ ಬಂತಲ್ಲ. ನೀನೇ ಕರಿ."

ಎತ್ತಿದ ಅಂಗೈ ಗಾಳಿಯಲ್ಲಿ ನಿಂತೇ ಇತ್ತು. ಆಮೇಲೆ ಅದು ಟವೆಲಿನ ಅಂಚನ್ನು ಹಿಡಿದು ಜಗ್ಗಿತು.

"ಕೂ," ಎಂದಿತು ಕೂಸು. ಅದರ ನಾಲ್ಕನೇ ಮಾತು.

ಬಾಗಿಲು ತೆರೆಯಿತು. ಒಳಗಿನಿಂದ ಬಿಸಿ, ಹಳಸಿದ ಗಾಳಿ ನುಗ್ಗಿತು. ಅದರ ಜೊತೆಗೆ ಖಾಕಿ ಅಂಗಿಯ ಹೆಂಗಸೊಬ್ಬಳು ಬಾಗಿಲಿಗೆ ಒರಗಿದ್ದವಳು ಹಾಗೇ ಹೊರಗೆ ವಾಲಿದಳು. ಬೀಗದಕ್ಕ ಅವಳ ತಲೆ ನೆಲಕ್ಕೆ ಬಡಿಯದಂತೆ ಹಿಡಿದಳು. ತುಟಿ ನೀಲಿಯಾಗಿತ್ತು. ಒಂದು ಗಳಿಗೆ ಏನೂ ಇಲ್ಲ. ಚಿಕ್ಕಪ್ಪನೇ ಎಲ್ಲರನ್ನೂ ತಳ್ಳಿಕೊಂಡು ಬಂದು ಅತ್ತಿಗೆಯ ಮುಖಕ್ಕೆ ರಟ್ಟಿನಿಂದ ಗಾಳಿ ಬೀಸತೊಡಗಿದ. ಬೀಸಲು ಅವನ ಕೈಗೆ ಸಿಕ್ಕಿದ್ದು ಚೀಲದಲ್ಲಿದ್ದ ಆ ಒಪ್ಪಿಗೆಯ ಕಾಗದ, ರಟ್ಟಿನ ಸಮೇತ.

ಆಮೇಲೆ ಆಕೆ ಕೆಮ್ಮಿದಳು. ಕಣ್ಣು ತೆರೆದಳು.

"ಅಮ್ಮ," ಎಂದು ಬೇಡಮ್ಮ ಬೂಟನ್ನು ಬಿಟ್ಟು ಅವಳ ಎದೆಯ ಮೇಲೆ ಬಿದ್ದಳು. ಆ ಕ್ಷಣಕ್ಕೇ ಹಿಂಬಾಗಿಲು ತಾನಾಗಿ ತೆರೆದು ಓಣಿಗೆ ಬಿಸಿಲು ಬಂತು. ಕಿಟಕಿಗಳು ಒಂದೊಂದಾಗಿ ಬಿಚ್ಚಿಕೊಂಡವು. ದೂರದಲ್ಲಿ ಮುಂಬಾಗಿಲ ಗೆಜ್ಜೆ ಘಲ್ಲೆಂದಿತು.

ಮೂರು ಇಪ್ಪತ್ತೆಂಟು. ಕೊಟ್ಟ ಮಾತು ನಡೆದಿತ್ತು.

ಬೀಗದಕ್ಕನಿಗೆ ಕಣ್ಣು ಒದ್ದೆಯಾಗುವಷ್ಟು ಸಮಯವನ್ನೂ ಆ ತಾಯಿ ಕೊಡಲಿಲ್ಲ. ಅವಳ ತೋಳು ಹಿಡಿದು ಬಗ್ಗಿಸಿಕೊಂಡಳು.

"ಹಿಂದಿಂದ ತಳ್ಳಿದರು," ಎಂದಳು, ಉಸಿರಿಗೆ ಒಂದೊಂದೇ ಮಾತು. "ಮುಖ ನೋಡಲಿಲ್ಲ. ಬೀಳುವಾಗ ಕೈ ಹಾಕಿ ಕಿತ್ತೆ. ಅವರದ್ದು. ಬಿಟ್ಟಿಲ್ಲ, ಇಲ್ಲೇ ಇದೆ."

ಎಡಗೈ ಮುಷ್ಟಿಯನ್ನು ಮುಂದೆ ಚಾಚಿದಳು. ಗೆಣ್ಣುಗಳು ಬೆಳ್ಳಗಾಗಿದ್ದವು. ಬೆರಳು ಬಿಚ್ಚಲು ಹೊರಟಳು.

ತನ್ನ ಮೇಲಿಂದ ಸರಿದು ದೂರ ಹೋಗುತ್ತಿದ್ದ ಆ ಕೈಯನ್ನು ಬೇಡಮ್ಮ ನಿದ್ದೆಗಣ್ಣಿನಲ್ಲಿ ನೋಡಿದಳು. ಅಂಗೈ ಎತ್ತಿ ಮುಷ್ಟಿಯ ಮೇಲೆ ಮೆತ್ತಗೆ ತಟ್ಟಿದಳು.

"ಬೇಡ."

ಬೆರಳುಗಳು ಕಲ್ಲಾದವು. ತಾಯಿ ಇನ್ನೊಂದು ಕೈಯಿಂದ ಎಳೆದಳು, ಬೀಗದಕ್ಕ ಎಳೆದಳು. ಒಂದು ಎಳೆ ದಾರವೂ ಹೊರಗೆ ಇಣುಕುತ್ತಿರಲಿಲ್ಲ. ಟವೆಲು ಹುಡುಕಿ ತಿರುಗುವಷ್ಟರಲ್ಲಿ ಕೂಸು, ಇಡೀ ದಿನ ಕಣ್ಣು ಮುಚ್ಚದ ಕೂಸು, ಅಮ್ಮನ ಕುತ್ತಿಗೆಯಲ್ಲಿ ಮುಖ ಹುದುಗಿಸಿ ನಿದ್ದೆ ಹೋಗಿತ್ತು.

ಬೀಗದಕ್ಕ ನಿಧಾನವಾಗಿ ತಲೆಯೆತ್ತಿದಳು. ಓಣಿಯ ಬಿಸಿಲಿನಲ್ಲಿ ಆಯಾ ಎರಡೂ ಕೈಗಳನ್ನು ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಂಡಿದ್ದಳು. ದೊಡ್ಡಮ್ಮ ಶಾಲಿನ ಅಂಚುಗಳನ್ನು ಎದೆಯ ಮೇಲೆ ಬಿಗಿಯಾಗಿ ಹಿಡಿದಿದ್ದರು. ಇಬ್ಬರೂ ನೋಡುತ್ತಿದ್ದದ್ದು ತಾಯಿಯನ್ನಲ್ಲ, ಮಲಗಿದ ಮಗುವನ್ನು.

ಆ ಮನೆಯಲ್ಲಿ ಈಗ ತೆರೆಯದೆ ಉಳಿದದ್ದು ಆ ಮುಷ್ಟಿಯೊಂದೇ.